ಬ್ರೇಕಕ್ಕನ ಬಲಗಾಲು

ಕಾರು ಕಲಿಯಲು ಬಂದವರಿಗೆ ಬ್ರೇಕಕ್ಕ ಮೊದಲ ದಿನವೇ ಹೇಳುತ್ತಿದ್ದ ಮಾತು ಇದು: "ನಿನಗೆ ಬರಲ್ಲ ಅಂತ ನನಗೆ ಗೊತ್ತು. ಬರೋ ಹಾಗಿದ್ರೆ ನನ್ನ ಹತ್ರ ಯಾಕೆ ಬರ್ತಿದ್ದೆ? ನಾಚಿಕೆ ಮನೇಲಿ ಬಿಟ್ಟು ಬಾ, ಚಪ್ಪಲಿ ಇಲ್ಲಿ ಬಿಡು. ಯಾವ ಪೆಡಲ್ ಎಲ್ಲಿದೆ ಅಂತ ಮೊದಲು ಅಂಗಾಲಿಗೆ ಗೊತ್ತಾಗ್ಲಿ." ಬ್ಯಾಂಕಿನ ಮ್ಯಾನೇಜರೇ ಇರಲಿ, ಮೊಮ್ಮಕ್ಕಳನ್ನು ಕಂಡ ಅಜ್ಜಿಯೇ ಇರಲಿ, ಆಕೆಯ ಕಾರಿನೊಳಗೆ ಕೂತ ಮೇಲೆ ಎಲ್ಲರೂ 'ನೀನು'. ಹಲ್ಲಿನ ಡಾಕ್ಟರೊಬ್ಬರು ಒಮ್ಮೆ ಗೇರಿನ ಜೊತೆ ಗುದ್ದಾಡುತ್ತಿದ್ದಾಗ, "ಮೆಲ್ಲಗೆ ಕಣಪ್ಪ, ಅದೇನು ದವಡೆ ಹಲ್ಲಾ?" ಎಂದಿದ್ದಳು. ಡಾಕ್ಟರು ನಕ್ಕು ನಕ್ಕು ಕಾರನ್ನು ಚರಂಡಿಯ ತನಕ ಒಯ್ದಿದ್ದರು. ಬೈಗುಳವೂ ಫೀಸಿನಲ್ಲೇ ಸೇರಿದೆ ಎಂದು ಆಕೆಯಲ್ಲಿ ಕಲಿತವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಪಂಕ್ಚರ್ ಅಂಗಡಿಗೂ ಫೋಟೋ ಸ್ಟುಡಿಯೋಗೂ ನಡುವೆ ಸಿಕ್ಕಿಕೊಂಡಿದ್ದ ಒಂದು ಕೋಣೆಯೇ ಆಕೆಯ ಡ್ರೈವಿಂಗ್ ಸ್ಕೂಲು. ಒಂದು ಮೇಜು, ಒಂದು ಬೆಂಚು, ಗೋಡೆಯ ಮೇಲೆ ಬಣ್ಣ ಮಾಸಿದ ರಸ್ತೆ ಚಿಹ್ನೆಗಳ ಚಾರ್ಟು, ಹೊರಗೆ ಮೈತುಂಬ ಗೀರುಗಳ ಬಿಳಿ ಕಾರು. ಸ್ಕೂಲು ಕಟ್ಟಿದ್ದು ಅಪ್ಪ. ಗಂಡುಮಕ್ಕಳಿಲ್ಲವಲ್ಲ ಎಂದು ನೆಂಟರು ಮನೆಗೆ ಬಂದು ಮರುಗಿದಾಗ, ಅಪ್ಪ ಮಗಳನ್ನು ಸ್ಟೀರಿಂಗ್ ಹಿಂದೆ ಕೂರಿಸಿ ಅದೇ ನೆಂಟರನ್ನು ಅವರವರ ಮನೆಗೆ ಬಿಟ್ಟು ಬರಲು ಕಳಿಸಿದ್ದರಂತೆ. ಕಲಿಸುವವರು ಕೂರುವ ಪಕ್ಕದ ಸೀಟಿನ ಮುಂದೆ ಇನ್ನೊಂದು ಬ್ರೇಕ್ ಪೆಡಲ್ ಇರುತ್ತದಲ್ಲ, ಅದರ ಮೇಲೆ ಮಗಳ ಬಲಗಾಲು ತಡವಾಗಿ ಬಿದ್ದದ್ದಿಲ್ಲ, ಸುಮ್ಮಸುಮ್ಮನೆ ಬಿದ್ದದ್ದೂ ಇಲ್ಲ. ಕಲಿಯುವವರು ಗೋಡೆಗೆ ಮುತ್ತಿಡಲು ಹೊರಟರೆ, ಇನ್ನೇನು ತಾಗಿತು ಎನ್ನುವಷ್ಟರಲ್ಲಿ ಕಾರು ನಿಲ್ಲುತ್ತಿತ್ತು. ಹಾಗೆ ಹುಟ್ಟಿದ್ದು ಬ್ರೇಕಕ್ಕ ಎಂಬ ಅಡ್ಡಹೆಸರು. ಚರ್ಚಿನ ಪಾಸ್ಟರು ಕೂಡ ಹಾಗೆಯೇ ಕರೆಯುತ್ತಿದ್ದರು.

ಚರ್ಚಿನಲ್ಲಿ ಆಕೆಗೆ ದೊಡ್ಡ ಹೆಸರು. ಭಾನುವಾರ ಬೆಳಿಗ್ಗೆ ನಡೆಯಲಾರದ ಮುದುಕಿಯರನ್ನೆಲ್ಲ ಕಾರಿನಲ್ಲಿ ತುಂಬಿಕೊಂಡು ಬರುವವಳು ಆಕೆ. ಆಸ್ಪತ್ರೆ ಸೇರಿದವರ ತಲೆದಿಂಬಿನ ಬಳಿ ಮೊದಲು ಕಾಣಿಸುವವಳು ಆಕೆ. ಹಾಡುವಾಗ ಸ್ವರ ಕೊಂಚ ಅಡ್ಡದಾರಿ ಹಿಡಿಯುತ್ತಿತ್ತು, ಆದರೆ ಗಟ್ಟಿಯಾಗಿ ಹಾಡುತ್ತಿದ್ದಳು, ಆ ಗಟ್ಟಿತನಕ್ಕೆ ಪಕ್ಕದವರೂ ದಾರಿ ತಪ್ಪುತ್ತಿದ್ದರು. ಯೇಸುವಿನ ಶಿಷ್ಯೆ ಎಂದರೆ ಹೀಗಿರಬೇಕು ಎಂದು ಸಭೆಯವರು ಬೆರಳು ಮಾಡಿ ತೋರಿಸುತ್ತಿದ್ದರು. ಅವರದೇನೂ ತಪ್ಪಿಲ್ಲ. ಭಾನುವಾರದ ಶಿಷ್ಯರನ್ನು ಭಾನುವಾರ ನೋಡಿದರೆ ಹಾಗೆಯೇ ಕಾಣುತ್ತದೆ.

ಗಂಡ ವಿದ್ಯುತ್ ಇಲಾಖೆಯ ಲೈನ್‌ಮನ್. ಬೆಕ್ಕಿನ ಹಾಗೆ ಕಂಬ ಹತ್ತುತ್ತಿದ್ದ ಮನುಷ್ಯ; ಮೇಲಿನಿಂದಲೇ ಕೆಳಗೆ ಹೋಗುವ ಹೆಂಡತಿಯ ಕಾರಿಗೆ, "ಏ, ಸೀಟ್ ಬೆಲ್ಟ್ ಎಲ್ಲೇ?" ಎಂದು ಕೂಗಿ ಇಡೀ ಬೀದಿಯನ್ನು ನಗಿಸುತ್ತಿದ್ದ. ಕೆಲವು ವರ್ಷಗಳ ಹಿಂದೆ, ನೀರಿನ ಟ್ಯಾಂಕಿನ ಬಳಿಯ ಇಳಿಜಾರಿನ ಕೆಳಗೆ, ತನ್ನ ಆಫೀಸಿನ ಎದುರಿನಲ್ಲೇ ಅವನು ಹೆಗಲ ಮೇಲೆ ಏಣಿ ಹೊತ್ತು ರಸ್ತೆ ದಾಟುತ್ತಿದ್ದಾಗ ಬೇಕರಿಯ ಬ್ರೆಡ್ ವ್ಯಾನೊಂದು ಬಂದು ಗುದ್ದಿತು. ವ್ಯಾನು ಓಡಿಸುತ್ತಿದ್ದವನು ಆ ಗಳಿಗೆಯಲ್ಲಿ ಮೊಬೈಲ್ ನೋಡುತ್ತಿದ್ದ. ಕೋರ್ಟಿನಲ್ಲಿ ಅವನು ಸುತ್ತುಬಳಸಿ ಮಾತಾಡಲಿಲ್ಲ. ತಪ್ಪು ನನ್ನದೇ ಎಂದ, ಜೈಲಿಗೆ ಹೋಗಿ ಬಂದ, ಲೈಸೆನ್ಸ್ ಕಳೆದುಕೊಂಡ. ಇತ್ತ ಲೈನ್‌ಮನ್ನಿನ ಮೊಣಕಾಲು ಮಡಚುವುದನ್ನೇ ಮರೆಯಿತು. ಕಂಬ ಹತ್ತುತ್ತಿದ್ದವನನ್ನು ಇಲಾಖೆ ದೂರಿನ ಫೋನಿನ ಮುಂದೆ ಕೂರಿಸಿತು. "ಮೊದಲು ಶಾಕ್ ಹೊಡೆಯೋ ಭಯ ಇತ್ತು, ಈಗ ಬೈಗುಳ ತಿನ್ನೋ ಭಯ," ಎಂದು ಅವನು ನಗುತ್ತಿದ್ದ.

ಆಸ್ಪತ್ರೆಯಲ್ಲಿದ್ದಾಗಲೇ ಆ ಡ್ರೈವರು ಬಂದು ಮಂಚದ ಕಾಲ ಬಳಿ ತಲೆ ತಗ್ಗಿಸಿ ನಿಂತಿದ್ದ. "ಹೋಗಪ್ಪ, ಹೊಟ್ಟೆಗೆ ಹಾಕ್ಕೊಂಡಿದ್ದೀನಿ. ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ," ಎಂದು ಲೈನ್‌ಮನ್ ಮಲಗಿದಲ್ಲಿಂದಲೇ ಹೇಳಿ ಕಳಿಸಿದ. ಬ್ರೇಕಕ್ಕ ಆಗ ಬೆನ್ನು ತಿರುಗಿಸಿಕೊಂಡು, ತುಂಬಿದ ನೀರಿನ ಜಗ್ಗಿಗೇ ಮತ್ತೆ ನೀರು ತುಂಬುತ್ತಿದ್ದಳು.

ಅದೇ ಮನುಷ್ಯ ಒಂದು ಸೋಮವಾರ ಬೆಳಿಗ್ಗೆ ಡ್ರೈವಿಂಗ್ ಸ್ಕೂಲಿನ ಬಾಗಿಲಲ್ಲಿ ನಿಂತ. ಆಕೆಗೆ ಗುರುತು ಹತ್ತಲು ಗಳಿಗೆಯೂ ಹಿಡಿಯಲಿಲ್ಲ. ಸೊರಗಿದ್ದ, ಕೆಮ್ಮುತ್ತಿದ್ದ, ಅಂಗಿಯ ಮಡಿಕೆಯಲ್ಲಿ ಗೋಧಿ ಹಿಟ್ಟು ಕೂತಿತ್ತು.

"ಒಳಗೆ ಬರಲಾ ಮೇಡಂ?"

"ಬಾಗಿಲು ತೆಗೆದೇ ಇದೆಯಲ್ಲ."

ಅವನು ಬಂದರೂ ಬೆಂಚಿನ ಮೇಲೆ ಕೂರಲಿಲ್ಲ. "ಮತ್ತೆ ಪರೀಕ್ಷೆಗೆ ಕೂರಬಹುದು ಅಂತ ಆರ್ಡರ್ ಬಂದಿದೆ. ಬೇಕರೀಲಿ ನನ್ನನ್ನ ಒಲೆ ಮುಂದೆ ಹಾಕಿದ್ದಾರೆ. ಹಿಟ್ಟಿನ ಧೂಳಿಗೆ ಎದೆ ಹಿಡೀತಿದೆ, ಒಳಗಿನ ಕೆಲಸ ಬಿಡದೇ ಇದ್ರೆ ಶ್ವಾಸಕೋಶ ಹೋಗುತ್ತೆ ಅಂದ್ರು ಡಾಕ್ಟರು. ಈ ತಿಂಗಳ ಕೊನೆಯೊಳಗೆ ಲೈಸೆನ್ಸ್ ತಂದ್ರೆ ವ್ಯಾನು ನಿನಗೇ, ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ ಅಂದಿದ್ದಾರೆ ಯಜಮಾನರು. ಆದ್ರೆ ಅವತ್ತಿಂದ ಸ್ಟೀರಿಂಗ್ ಮುಟ್ಟಿದ್ರೆ ಕಾಲು ನಡುಗುತ್ತೆ. ಎಲ್ಲಾ ಸ್ಕೂಲಿಗೂ ಹೋದೆ. ನಿನಗೆ ಕಲಿಸಿದ್ರೆ ನಮ್ಮ ಬೋರ್ಡಿಗೆ ಕೆಟ್ಟ ಹೆಸರು ಅಂದ್ರು." ಅವನು ನೆಲ ನೋಡಿದ. "ಇಲ್ಲಿಗೆ ಬರೋಕೆ ನನಗೆ ಮುಖ ಇಲ್ಲ. ಬೇರೆ ದಾರಿನೂ ಇಲ್ಲ."

ಎಂಥ ಧೈರ್ಯ ನಿನಗೆ ಎಂದು ಕಿರುಚಬೇಕು ಎನಿಸಿತು ಆಕೆಗೆ. ಶತ್ರುವನ್ನು ಪ್ರೀತಿಸಬೇಕು ಎಂದು ಯೇಸು ಹೇಳಿದ್ದನ್ನು ಆಕೆ ತೊಟ್ಟಿಲಿನಿಂದಲೂ ಕೇಳಿದ್ದಳು. ಆದರೆ ಆ ಶತ್ರು ಹೀಗೆ ಕೆಮ್ಮಿಕೊಂಡು, ಚಪ್ಪಲಿ ಹೊರಗೇ ಬಿಟ್ಟು ಬರುತ್ತಾನೆ ಎಂದು ಯಾರೂ ಹೇಳಿರಲಿಲ್ಲ. ಪಂಕ್ಚರ್ ಅಂಗಡಿಯವನು ಕೈಯಲ್ಲಿ ಟ್ಯೂಬು ಹಿಡಿದು ಬಾಗಿಲಿಂದ ಇಣುಕುತ್ತಿದ್ದ. ಬ್ರೇಕಕ್ಕ ಬೆನ್ನು ನೆಟ್ಟಗೆ ಮಾಡಿದಳು.

"ನಾಳೆ ಬೆಳಿಗ್ಗೆ ಬನ್ನಿ," ಎಂದಳು.

ಸುದ್ದಿ ಪಂಕ್ಚರ್ ಅಂಗಡಿಯಿಂದ ಹೊರಟು ಸಂಜೆಯೊಳಗೆ ಪಾಸ್ಟರ ಮನೆ ತಲುಪಿತು. ಮುಂದಿನ ಭಾನುವಾರ ಪಾಸ್ಟರು ಆಕೆಯನ್ನು ಮುಂದೆ ಕರೆದು ಸಾಕ್ಷಿ ಹೇಳಿಸಿದರು. ದೇವರು ತನ್ನ ಬಾಳಿನಲ್ಲಿ ಮಾಡಿದ್ದನ್ನು ಎಲ್ಲರೆದುರು ಹೇಳುವುದು ಆ ಸಭೆಯ ರೂಢಿ. "ಕರ್ತನು ನನ್ನ ಕಲ್ಲು ಹೃದಯ ಕರಗಿಸಿದ. ನನ್ನ ಯಜಮಾನರ ಕಾಲು ಮುರಿದವರನ್ನ ನಾನು ಮನಸಾರೆ ಕ್ಷಮಿಸಿದ್ದೀನಿ," ಎಂದಳು ಬ್ರೇಕಕ್ಕ. ಗಾಯಕರ ಗುಂಪಿನ ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಚಪ್ಪಾಳೆ ಬಿತ್ತು. ಲೈನ್‌ಮನ್ ಮಾತ್ರ ಚಾಚಿದ ಕಾಲಿನ ಮೇಲೆ ಕೈಯಿಟ್ಟು ಹೆಂಡತಿಯನ್ನೇ ನೋಡುತ್ತಿದ್ದ. ಸಾಕ್ಷಿ ತುಂಬ ಚೆನ್ನಾಗಿತ್ತು. ಅದರಲ್ಲಿದ್ದ ಕೊರತೆ ಒಂದೇ, ಹೇಳಿದ ವಿಷಯ ಇನ್ನೂ ನಡೆದಿರಲಿಲ್ಲ.

ಪಾಠವೇನೋ ಅಷ್ಟರಲ್ಲಿ ಶುರುವಾಗಿತ್ತು. ಎಲ್ಲರನ್ನೂ ನೀನು ಎನ್ನುವ ಬ್ರೇಕಕ್ಕ ಇವನಿಗೆ ಮಾತ್ರ ನೀವು ಎನ್ನುತ್ತಿದ್ದಳು. "ದಯವಿಟ್ಟು ಎರಡನೇ ಗೇರ್ ಹಾಕಿ." "ಕನ್ನಡಿ ನೋಡಿ, ನಿಧಾನವಾಗಿ ತಿರುಗಿಸಿ." ಒಂದು ಬೈಗುಳ ಇಲ್ಲ, ಒಂದು ತಮಾಷೆ ಇಲ್ಲ. ಆಕೆಯ ಬಾಯಿ ಎಂಥದೆಂದು ಊರವರಿಂದ ಕೇಳಿದ್ದ ಅವನು ಇವತ್ತಾದರೂ ಬೈಯುತ್ತಾರೇನೋ ಎಂದು ಕಾಯುತ್ತಿದ್ದ. ಬೈಯಿಸಿಕೊಳ್ಳುವಷ್ಟು ಹತ್ತಿರದವನು ತಾನಲ್ಲ ಎಂದು ಅವನಿಗೆ ಬೇಗನೆ ಅರ್ಥವಾಯಿತು.

ಬಾಯಿ ಹೀಗೆ ಮರ್ಯಾದೆಯಿಂದಿತ್ತು. ಕಾಲಿನ ಕಥೆಯೇ ಬೇರೆ. ದೂರದಲ್ಲಿ ನಾಯಿಯೊಂದು ಬಾಲ ಅಲ್ಲಾಡಿಸಿದರೆ ಬ್ರೇಕು. ತಿರುವು ಕಂಡರೆ ಬ್ರೇಕು. ಮುಂದಿನ ಸೈಕಲ್ಲಿನವನು ಮೂಗು ಕೆರೆದುಕೊಂಡರೆ ಬ್ರೇಕು. ಅವನ ಕಾಲು ಪೆಡಲಿನತ್ತ ಹೊರಡುವ ಮೊದಲೇ ಆಕೆಯ ಬಲಗಾಲು ಒತ್ತಿ ಕೂತಿರುತ್ತಿತ್ತು. ಮುಂದಕ್ಕೆ ಮುಗ್ಗರಿಸಿ ಅವನು, "ಕ್ಷಮಿಸಿ ಮೇಡಂ," ಎನ್ನುತ್ತಿದ್ದ. "ಪರವಾಗಿಲ್ಲ, ಮುಂದೆ ನಡೀರಿ," ಎನ್ನುತ್ತಿದ್ದಳು ಆಕೆ. ಎಚ್ಚರಿಕೆ ಒಳ್ಳೆಯದಲ್ಲವೇ, ಇವನ ವಿಷಯದಲ್ಲಿ ಒಂದು ಕೈ ಹೆಚ್ಚೇ ಇರಲಿ, ಎಂದು ತನ್ನಷ್ಟಕ್ಕೆ ಸಮಾಧಾನ ಹೇಳಿಕೊಂಡಳು. ದಿನ ಕಳೆದಂತೆ ಅವನ ಕಾಲಿನ ನಡುಕ ನಿಂತದ್ದು ನಿಜ. ಪಾಠ ಫಲಿಸಿತು ಎಂದು ಆಕೆ ಪರೀಕ್ಷೆಗೆ ಹೆಸರು ಬರೆಸಿದಳು.

ಪರೀಕ್ಷೆಯ ಮೈದಾನದಲ್ಲಿ ಆಕೆಯ ಸೀಟಿನಲ್ಲಿ ಕೂತದ್ದು ಇನ್ಸ್‌ಪೆಕ್ಟರು. ನಿಯಮ ಎಲ್ಲರಿಗೂ ಗೊತ್ತಿದ್ದದ್ದೇ: ಇನ್ಸ್‌ಪೆಕ್ಟರು ತಾವಾಗಿ ಬ್ರೇಕ್ ಒತ್ತಬೇಕಾಗಿ ಬಂದರೆ ಓಡಿಸುವವನು ಫೇಲು. ತಿರುವುಗಳನ್ನು ಅವನು ಹೂವೆತ್ತಿದ ಹಾಗೆ ಮುಗಿಸಿದ. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿ ಹೊರಡಿಸಿದ. ಕೊನೆಗೆ ಸಾಲು ಡ್ರಮ್ಮುಗಳ ಮುಂದೆ ನಿಲ್ಲಿಸಬೇಕು, ಅಷ್ಟೇ. ಕಾರು ಡ್ರಮ್ಮಿನ ಹತ್ತಿರ ಬಂತು, ಇನ್ನೂ ಬಂತು, ಅವನು ಸುಮ್ಮನೆ ಕೂತಿದ್ದ. ಇನ್ಸ್‌ಪೆಕ್ಟರು ಬ್ರೇಕಿನ ಮೇಲೆ ಎದ್ದು ನಿಂತರು ಎಂದೇ ಹೇಳಬೇಕು. ಆದರೂ ಡ್ರಮ್ಮೊಂದು ಢಣಾರೆಂದು ಉರುಳಿ, ಮೈದಾನದ ಬೇಲಿಯ ತನಕ ಹೋಯಿತು.

ಇಳಿದು ಬಂದ ಇನ್ಸ್‌ಪೆಕ್ಟರು ಬ್ರೇಕಕ್ಕನನ್ನು ಪಕ್ಕಕ್ಕೆ ಕರೆದರು. ಅವರ ಮಗಳಿಗೂ ಕಾರು ಕಲಿಸಿದವಳು ಆಕೆಯೇ. "ಏನಕ್ಕಾ ಇದು? ಡ್ರೈವಿಂಗ್ ಅವನಿಗೆ ಚೆನ್ನಾಗಿ ಬರುತ್ತೆ. ಬ್ರೇಕ್ ಒತ್ತೋದು ಮಾತ್ರ ತನ್ನ ಕೆಲಸ ಅಂತಾನೇ ಗೊತ್ತಿಲ್ಲ. ಪಕ್ಕದಲ್ಲಿ ಕೂತೋರು ಒತ್ತುತ್ತಾರೆ ಅಂತ ಕಾಯ್ತಾನೆ. ನೀವು ಅವನಿಗೆ ಒಂದು ಸಲಾನಾದ್ರೂ ಒತ್ತೋಕೆ ಬಿಟ್ಟಿದ್ದೀರಾ?"

ಬಿಟ್ಟಿರಲಿಲ್ಲ. ಇಷ್ಟು ವರ್ಷ ಕಲಿಸಿದವಳು, ಕಣ್ಣು ಮುಚ್ಚಿಕೊಂಡು ಓಡಿಸುವ ಟೀಚರಮ್ಮನಿಗೂ ಬ್ರೇಕ್ ಬಿಟ್ಟುಕೊಟ್ಟವಳು, ಇವನೊಬ್ಬನಿಗೆ ಬಿಟ್ಟಿರಲಿಲ್ಲ. ದೂರದಲ್ಲಿ ಅವನು ಉರುಳಿದ ಡ್ರಮ್ಮನ್ನು ಎತ್ತಿ ನಿಲ್ಲಿಸುತ್ತಿದ್ದ. ತಪ್ಪು ತನ್ನದೇ ಎಂದು ನಂಬಿದವನ ಮುಖ ಅದು. ತಿಂಗಳು ಮುಗಿಯುವ ಮೊದಲು ಇನ್ನೊಂದೇ ಪರೀಕ್ಷೆ ಉಳಿದಿತ್ತು.

ಆ ಸಂಜೆ ಅಡುಗೆಮನೆಯಲ್ಲಿ ಪಾತ್ರೆಗಳು ಒಂದಕ್ಕೊಂದು ಜಗಳಾಡಿದವು. ಲೈನ್‌ಮನ್ ಬಾಗಿಲ ಬಳಿ ಕುರ್ಚಿ ಎಳೆದುಕೊಂಡು ಕೂತ. ನಡೆದದ್ದನ್ನು ಆಕೆ ಹೇಳಿದಳು, ಹೇಳುತ್ತ ಹೇಳುತ್ತ ಸಿಟ್ಟಾದಳು.

"ಬಾಯಲ್ಲಿ ಕ್ಷಮಿಸಿದ್ದೀನಿ ರೀ. ಕಾಲು ಕ್ಷಮಿಸಿಲ್ಲ. ನಾನೇನು ಮಾಡ್ಲಿ?"

"ನಿಧಾನಕ್ಕೆ ಆಗುತ್ತೆ ಬಿಡೆ."

"ನಿಮಗೇನು, ನೀವು ಮಲಗಿದಲ್ಲೇ ಕ್ಷಮಿಸಿಬಿಟ್ರಿ! ದೊಡ್ಡ ಸಂತರು! ಎತ್ತಿ ಕೂರಿಸಿದ್ದು ಯಾರು? ಸ್ನಾನ ಮಾಡಿಸಿದ್ದು ಯಾರು? ನೋವು ಅಂತ ನೀವು ಹಲ್ಲು ಕಚ್ಚಿದಾಗ ಬಾಗಿಲ ಹಿಂದೆ ನಿಂತು ಅತ್ತಿದ್ದು ಯಾರು? ನನ್ನನ್ನ ಯಾರಾದ್ರೂ ಕೇಳಿದ್ರಾ, ಕ್ಷಮಿಸ್ಲಾ ಬೇಡ್ವಾ ಅಂತ? ನನ್ನ ಪಾಲಿನ ಸಿಟ್ಟನ್ನೂ ಸೇರಿಸಿ ನೀವೇ ದಾನ ಮಾಡಿಬಿಟ್ರಿ!"

ಇಷ್ಟು ದಿನ ಅದುಮಿಟ್ಟಿದ್ದೆಲ್ಲ ಹೊರಗೆ ಬಿತ್ತು. ಆಕೆ ಸಿಂಕಿನ ಅಂಚು ಹಿಡಿದು ಅತ್ತಳು. ಲೈನ್‌ಮನ್ ಎದ್ದು, ಕಾಲೆಳೆದುಕೊಂಡು ಬಂದು, ಅವಳ ಪಕ್ಕ ಗೋಡೆಗೆ ಒರಗಿ ನಿಂತ.

"ಕೇಳಬೇಕಾಗಿತ್ತು. ಅದು ನನ್ನ ತಪ್ಪೇ," ಎಂದ. "ಆದ್ರೆ ನಾನು ಅವತ್ತು ಕ್ಷಮಿಸಿ ಮುಗಿಸಿಬಿಟ್ಟೆ ಅಂದ್ಕೊಂಡಿದ್ದೀಯಾ? ಮೆಟ್ಟಿಲು ಕಂಡಾಗಲೆಲ್ಲ ಆ ಮುಖ ನೆನಪಾಗುತ್ತೆ ಕಣೆ. ಕಂಬದ ಮೇಲೆ ಹುಡುಗರು ಹತ್ತಿದ್ದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಆಗೆಲ್ಲ ಮತ್ತೆ ಮೊದಲಿಂದ ಕ್ಷಮಿಸಬೇಕು. ಕರ್ತನೇ, ನನ್ನ ಕೈಲಾಗಲ್ಲ, ನೀನು ಮಾಡಿಸು ಅಂತೀನಿ. ಮಾಡಿಸ್ತಾನೆ. ಮಾರನೇ ದಿನ ಮತ್ತೆ ಮೆಟ್ಟಿಲು."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀನು ದೊಡ್ಡ ಸಂತಳು ಅಂತ ಸಭೆಯವರೆಲ್ಲ ಹೇಳ್ತಿದ್ರಲ್ಲ," ಎಂದ ಲೈನ್‌ಮನ್. ಆಕೆಗೆ ಅಳುವಿನ ನಡುವೆಯೇ ನಗು ಬಂತು. ಒದ್ದೆ ಕೈಯಲ್ಲೇ ಅವನ ತೋಳಿಗೊಂದು ಏಟು ಹಾಕಿದಳು.

ಭಾನುವಾರ ಆರಾಧನೆಯ ನಡುವೆ, ಯಾರೂ ಕರೆಯದಿದ್ದರೂ ಬ್ರೇಕಕ್ಕ ಎದ್ದು ನಿಂತಳು. "ಅವತ್ತು ನಾನು ಹೇಳಿದ ಸಾಕ್ಷಿ ವಾಪಸ್ ತಗೋತಿದ್ದೀನಿ," ಎಂದಳು. ಸಭೆ ಮೂಗಿನ ಮೇಲೆ ಬೆರಳಿಟ್ಟಿತು. "ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತಾರಲ್ಲ, ಹಾಗಾಯ್ತು ನನ್ನ ಕಥೆ. ಅವರನ್ನ ನಾನು ಕ್ಷಮಿಸಿಲ್ಲ. ಕ್ಷಮಿಸಬೇಕು ಅಂತ ಆಸೆ ಇದೆ. ನನಗೋಸ್ಕರ ಪ್ರಾರ್ಥನೆ ಮಾಡಿ, ಚಪ್ಪಾಳೆ ಬೇಡ." ಕೂತಳು. ಎದೆಯ ಮೇಲಿದ್ದ ಕಲ್ಲು ಇಳಿದಂತೆ ಉಸಿರು ಸಲೀಸಾಗಿತ್ತು. ಪಾಸ್ಟರು ತಾವು ಉಪದೇಶಕ್ಕೆಂದು ಬರೆದು ತಂದಿದ್ದ ಹಾಳೆಗಳನ್ನು ನೋಡಿದರು, ಸಭೆಯನ್ನು ನೋಡಿದರು, ಹಾಳೆಗಳನ್ನು ಮಡಚಿ ಜೇಬಿಗಿಟ್ಟರು. "ಇವತ್ತಿನ ಪ್ರಸಂಗ ಆಗಿಹೋಯ್ತು. ಮೊಣಕಾಲೂರೋಣ," ಎಂದರು. ಹಿಂದೆಂದೂ ಆ ಚರ್ಚಿನಲ್ಲಿ ಅಷ್ಟು ಜನ ಒಟ್ಟಿಗೆ ಅತ್ತದ್ದಿಲ್ಲ. ಪ್ರತಿಯೊಬ್ಬರಿಗೂ ಒಬ್ಬೊಬ್ಬ ಬ್ರೆಡ್ ವ್ಯಾನಿನವನು ಇದ್ದ ಎಂದು ಕಾಣುತ್ತದೆ.

ಮಾರನೇ ದಿನ ಆಕೆ ಕಾರನ್ನು ನೀರಿನ ಟ್ಯಾಂಕಿನ ಬಳಿ, ಇಳಿಜಾರಿನ ನೆತ್ತಿಯಲ್ಲಿ ನಿಲ್ಲಿಸಲು ಅವನಿಗೆ ಹೇಳಿದಳು. ಎಲ್ಲಿಗೆ ಬಂದಿದ್ದೇವೆಂದು ತಿಳಿದು ಅವನ ಮುಖ ಬಿಳಿಚಿತು.

"ಇಲ್ಲಿ ಬೇಡ ಮೇಡಂ."

"ಇಲ್ಲೇ ಬೇಕು. ಮೊದಲು ಒಂದು ಮಾತು ಕೇಳು." ಮೊದಲ ಸಲ ನೀನು ಎಂದದ್ದು ಆಕೆಗೇ ಗೊತ್ತಾಗಲಿಲ್ಲ. "ನಿನ್ನನ್ನ ಕ್ಷಮಿಸಿದ್ದೀನಿ ಅಂತ ಊರಿಗೆಲ್ಲ ಡಂಗುರ ಹೊಡೆದೆ. ಸುಳ್ಳು ಅದು. ನಿನ್ನ ಮೇಲೆ ಬೆಟ್ಟದಷ್ಟು ಸಿಟ್ಟಿದೆ ನನಗೆ. ಅದಕ್ಕೇ ನೀನು ಅವತ್ತು ಫೇಲಾಗಿದ್ದು. ನಿನ್ನ ತಪ್ಪಲ್ಲ, ನನ್ನ ಕಾಲಿಂದು."

"ಸಿಟ್ಟು ಇರಲೇಬೇಕಲ್ಲ ಅಕ್ಕಾ. ನೀವು ಬೈದೇ ಇದ್ದಾಗ್ಲೇ ನನಗೆ ಹೆಚ್ಚು ಭಯ ಆಗ್ತಿತ್ತು."

"ಇನ್ನು ಬೈತೀನಿ, ಹೆದರಬೇಡ." ಆಕೆ ಚಪ್ಪಲಿ ಕಳಚಿದಳು. ಎರಡೂ ಕಾಲುಗಳನ್ನು ಸೀಟಿನ ಮೇಲೆತ್ತಿ, ಸೀರೆ ಸರಿಮಾಡಿಕೊಂಡು, ಪ್ರಾರ್ಥನೆಗೆ ಕೂತವಳಂತೆ ಚಕ್ಕಳಮಕ್ಕಳ ಹಾಕಿ ಕೂತಳು. "ಈಗ ನನ್ನ ಕಾಲು ಪೆಡಲಿಗೆ ಎಟುಕಲ್ಲ. ಬ್ರೇಕು ನಿನ್ನದು. ಇಳಿಸು."

"ಅಕ್ಕಾ, ನಿಮ್ಮ ಕಾಲು ಅಲ್ಲಿದ್ರೆ ನನಗೆ ಧೈರ್ಯ."

"ಅದೇ ಕಣಪ್ಪ ರೋಗ. ಇಳಿಸು ಅಂದ್ರೆ ಇಳಿಸು!"

ಪಕ್ಕದಲ್ಲೇ ಕೈಗೆಟುಕುವಂತೆ ಹ್ಯಾಂಡ್‌ಬ್ರೇಕು ಇತ್ತೆಂಬುದನ್ನೂ ಹೇಳಿಬಿಡಬೇಕು. ಆಕೆ ಶಿಷ್ಯೆಯೇ ಹೊರತು ಹುಚ್ಚಿಯಲ್ಲ.

ಕಾರು ಇಳಿಯತೊಡಗಿತು. ಗೋಡೆಗಳು, ಅಂಗಡಿಗಳು, ಹಾಲಿನ ಕ್ಯಾನುಗಳು ಹಿಂದೆ ಸರಿದವು. ಇಳಿಜಾರಿನ ಕೆಳಗೆ, ರಸ್ತೆಯ ಬಿಳಿ ಪಟ್ಟೆಗಳ ಆಚೆ ವಿದ್ಯುತ್ ಇಲಾಖೆಯ ಆಫೀಸು. ಅದರ ಬಾಗಿಲಿನಿಂದ, ಊಟದ ಬಿಡುವಿಗೆ ಹೊರಬಿದ್ದವರ ನಡುವಿನಿಂದ, ಊರುಗೋಲು ಹಿಡಿದ ಒಬ್ಬ ಮನುಷ್ಯ ನಿಧಾನವಾಗಿ ರಸ್ತೆಗೆ ಕಾಲಿಟ್ಟ. ಲೈನ್‌ಮನ್.

ದೂರ ಇನ್ನೂ ಇತ್ತು, ಬೇಕಾದಷ್ಟಿತ್ತು. ಕಾರು ಕಲಿಸುವವಳಾಗಿ ಅದು ಆಕೆಗೆ ಗೊತ್ತಿತ್ತು, ಹೆಂಡತಿಯಾಗಿ ಗೊತ್ತಿರಲಿಲ್ಲ. ಮಡಚಿದ ಬಲಗಾಲಿನ ಬೆರಳುಗಳೆಲ್ಲ ಇಲ್ಲದ ಪೆಡಲನ್ನು ಒತ್ತತೊಡಗಿದವು. ಬಲಗೈ ಹ್ಯಾಂಡ್‌ಬ್ರೇಕಿನತ್ತ ಹೊರಟಿತು. ಹೊರಟ ಕೈಯನ್ನು ಎಡಗೈ ಹಿಡಿದುಕೊಂಡಿತು. ಕರ್ತನೇ, ನನ್ನ ಕೈಲಾಗಲ್ಲ, ನನ್ನ ಕೈಲಾಗಲ್ಲ, ನೀನು ಮಾಡಿಸು. ಪ್ರಾರ್ಥನೆಯಲ್ಲಿ ಅದಕ್ಕಿಂತ ಹೆಚ್ಚಿನ ಮಾತಿರಲಿಲ್ಲ. ಆಕೆ ಮುಂದಿನ ರಸ್ತೆ ಬಿಟ್ಟು ಪಕ್ಕದವನ ಮುಖ ನೋಡಿದಳು, ಬಹುಶಃ ಮೊದಲ ಸಲ. ಮೈಯೆಲ್ಲ ಕಣ್ಣಾಗಿ ಕೂತಿದ್ದ ಅವನ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಆ ಇಳಿಜಾರನ್ನು ಇವನೂ ಕನಸಿನಲ್ಲಿ ಮತ್ತೆ ಮತ್ತೆ ಇಳಿದಿದ್ದಾನೆ ಎಂದು ಆ ಮುಖ ನೋಡಿದ ಯಾರಿಗಾದರೂ ತಿಳಿಯುತ್ತಿತ್ತು.

ಅವನ ಕಾಲು ಪೆಡಲಿಗೆ ಬಂತು. ಮೆಲ್ಲಗೆ, ಬೇಗನೆ, ಬೇಕಾದ್ದಕ್ಕಿಂತ ಎಷ್ಟೋ ಮೊದಲೇ ಬಂತು. ಕಾರಿನ ವೇಗ ತಗ್ಗಿತು, ಇನ್ನೂ ತಗ್ಗಿತು; ಕಾರು ಬಿಳಿ ಪಟ್ಟೆಗಿಂತ ಸಾಕಷ್ಟು ಹಿಂದೆ, ನಿದ್ದೆ ಹೋದ ಮಗುವನ್ನು ಮಲಗಿಸಿದಷ್ಟು ಮೆತ್ತಗೆ ನಿಂತಿತು.

ಲೈನ್‌ಮನ್ ನಡುರಸ್ತೆಯಲ್ಲಿ ತಿರುಗಿ ನೋಡಿದ. ಗಾಜಿನ ಹಿಂದೆ ಯಾರಿದ್ದಾರೆಂದು ಕಂಡಿತು. ದಾಟಿ ಹೋಗುವುದನ್ನು ಬಿಟ್ಟು, ಊರುಗೋಲು ಟಕ್ ಟಕ್ ಎನ್ನಿಸುತ್ತ ಕಾರಿನ ಕಡೆಗೇ ಬಂದು ಕಿಟಕಿಯಲ್ಲಿ ಬಗ್ಗಿದ.

"ಏನಪ್ಪಾ, ನಿಮ್ಮ ಮೇಡಂ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡಿದ್ದಾರೆ? ಊಟಕ್ಕೆ ಎಲೆ ಹಾಕ್ಬೇಕಾ?"

ಓಡಿಸುತ್ತಿದ್ದವನು ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಬ್ರೇಕಕ್ಕ ಅವನ ಬೆನ್ನ ಮೇಲೆ ಕೈಯಿಟ್ಟಳು. ಸಿಟ್ಟು ಎಲ್ಲಿ ಹೋಯಿತೆಂದು ಆಕೆ ಒಳಗೆಲ್ಲ ಹುಡುಕಿದಳು. ಆ ಹೊತ್ತಿಗೆ ಸಿಗಲಿಲ್ಲ. ಅದರ ಜಾಗದಲ್ಲಿ ಎಂಥದೋ ಸಂತೋಷ ಉಕ್ಕಿ ಬರುತ್ತಿತ್ತು, ಗಂಟಲಿಗೆ ಬಂತು, ಬಾಯಿಗೆ ಬಂತು.

"ಲೋ ತಮ್ಮಾ! ಅಳೋದು ಆಮೇಲೆ! ಹಿಂದೆ ಬಸ್ಸು ಹಾರ್ನ್ ಹೊಡೀತಿದೆ, ಮೊದಲು ಕ್ಲಚ್ ಒತ್ತೋ! ಮನೇಲಿ ಹೇಳಿ ಬಂದಿದ್ದೀಯಾ ನಡುರಸ್ತೇಲಿ ಟೆಂಟ್ ಹಾಕ್ತೀನಿ ಅಂತ?"

ಬೈಸಿಕೊಂಡವನು ಕಣ್ಣೊರೆಸಿಕೊಂಡು, ಅಳುತ್ತಲೇ ನಗುತ್ತ ಗೇರ್ ಹಾಕಿದ. ಆ ವಾರವೆಲ್ಲ ಆಕೆ ಅವನಿಗೆ ಬಾಯಿ ತುಂಬ ಬೈದಳು, ಬಾಕಿ ಉಳಿದದ್ದನ್ನೂ ಸೇರಿಸಿ ಬೈದಳು. ಸಿಟ್ಟೇನೂ ಒಂದೇ ದಿನಕ್ಕೆ ಊರು ಬಿಟ್ಟು ಹೋಗಲಿಲ್ಲ. ಗಂಡ ಮೆಟ್ಟಿಲ ಮೇಲೆ ನಿಂತು ಸುಧಾರಿಸಿಕೊಳ್ಳುವುದನ್ನು ಕಂಡ ಬೆಳಿಗ್ಗೆ ಕಾಲು ಮತ್ತೆ ಪೆಡಲಿನತ್ತ ಹೋಗುತ್ತಿತ್ತು. ಆಗ ಆಕೆ ಮತ್ತೆ ಚಪ್ಪಲಿ ಕಳಚಿ ಕಾಲು ಮೇಲೆತ್ತುತ್ತಿದ್ದಳು. ದಿನವೂ ಶಿಲುಬೆ ಹೊರಬೇಕು ಎಂದು ಯೇಸು ಹೇಳಿದ್ದನ್ನು ಭಾರದ ಮಾತೆಂದೇ ಆಕೆ ತಿಳಿದಿದ್ದಳು. ಹೊತ್ತ ಮೇಲೆ ಹೆಗಲು ಹೀಗೆ ಹಗುರಾಗುತ್ತದೆಂದು ಹೊರುವ ತನಕ ಯಾರಿಗೆ ಗೊತ್ತಾಗುತ್ತದೆ?

ಎರಡನೇ ಪರೀಕ್ಷೆಗೆ ಪಂಕ್ಚರ್ ಅಂಗಡಿಯವನು ಅಂಗಡಿ ಮುಚ್ಚಿಕೊಂಡು ಬಂದ. ಗಾಯಕರ ಗುಂಪಿನ ದೊಡ್ಡಮ್ಮ ಬಂದರು, ಪಾಸ್ಟರು ಬಂದರು, ಲೈನ್‌ಮನ್ ರಜೆ ಹಾಕಿ ಬಂದು ಬೇಲಿಯ ಕಲ್ಲಿನ ಮೇಲೆ ಕಾಲು ಚಾಚಿ ಕೂತ. ಬ್ರೆಡ್ ವ್ಯಾನಿನವನ ಹೆಂಡತಿ ಸ್ವಲ್ಪ ದೂರದಲ್ಲಿ ಮರದ ಮರೆಯಲ್ಲಿ ನಿಂತಿದ್ದಳು. ಬ್ರೇಕಕ್ಕ ಹೋಗಿ ಅವಳ ಕೈ ಹಿಡಿದು ತಂದು ಎಲ್ಲರ ನಡುವೆ ನಿಲ್ಲಿಸಿಕೊಂಡಳು. ಕಾರು ತಿರುವು ಮುಗಿಸಿತು, ಏರು ಹತ್ತಿತು, ಇಳಿಯಿತು. ಸಾಲು ಡ್ರಮ್ಮುಗಳ ಕಡೆ ಬಂದಾಗ ಬೇಲಿಯುದ್ದಕ್ಕೂ ಯಾರೂ ಉಸಿರಾಡಲಿಲ್ಲ. ಕಾರು ನಿಂತಿತು. ಡ್ರಮ್ಮು ನಿಂತಲ್ಲೇ ನಿಂತಿತ್ತು. ಇನ್ಸ್‌ಪೆಕ್ಟರು ಇಳಿದು, ಎರಡೂ ಕಾಲುಗಳನ್ನು ನೆಲಕ್ಕೆ ಬಡಿದು, "ನನ್ನ ಕಾಲಿಗೆ ಇವತ್ತು ಕೆಲಸಾನೇ ಇಲ್ಲ! ಪಾಸು!" ಎಂದು ಕೂಗಿದರು.

ಅಂಥ ಗದ್ದಲವನ್ನು ಆ ಮೈದಾನ ಕಂಡಿರಲಿಲ್ಲ. ಪಂಕ್ಚರ್ ಅಂಗಡಿಯವನು ಶಿಳ್ಳೆ ಹೊಡೆದ. ದೊಡ್ಡಮ್ಮ ಹಾಡು ಎತ್ತಿಕೊಂಡರು. ಬ್ರೇಕಕ್ಕ ದನಿಗೂಡಿಸಿದ್ದರಿಂದ ಹಾಡು ಎಲ್ಲೆಲ್ಲಿಗೋ ಹೋಯಿತು, ಯಾರೂ ಲೆಕ್ಕಿಸಲಿಲ್ಲ. ಪಾಸಾದವನು ಕಾರಿನಿಂದಿಳಿದು ನೇರವಾಗಿ ಲೈನ್‌ಮನ್ನಿನ ಬಳಿಗೆ ನಡೆದ. ಎದುರು ನಿಂತ. ಲೈನ್‌ಮನ್ ಒಂದು ಕೈ ಚಾಚಿದ. "ಎಬ್ಬಿಸಪ್ಪ, ಕಲ್ಲು ಒತ್ತುತ್ತಿದೆ. ನಮ್ಮನ್ನ ಮನೆಗೆ ಬಿಡು."

ಹಾಗಾಗಿ ಅವನೇ ಓಡಿಸಿದ. ಪಕ್ಕದ ಸೀಟಿನಲ್ಲಿ ಲೈನ್‌ಮನ್, ಕಾಲು ಚಾಚಲು ಜಾಗ ಬೇಕಲ್ಲ. ಹಿಂದಿನ ಸೀಟಿನಲ್ಲಿ, ಎದುರಿಗೆ ಯಾವ ಪೆಡಲೂ ಇಲ್ಲದ ಕಡೆ, ಬ್ರೇಕಕ್ಕ ಮತ್ತು ಅವನ ಹೆಂಡತಿ. ದಾರಿಯಲ್ಲಿ ಲೈನ್‌ಮನ್ ಯಾವುದೋ ಕಂಬ ತೋರಿಸಿ, ಅದರ ಮೇಲೆ ತಾನು ಒಮ್ಮೆ ಸಿಕ್ಕಿಹಾಕಿಕೊಂಡ ಕಥೆ ಹೇಳಿದ. ಓಡಿಸುವವನು ರಸ್ತೆಯಿಂದ ಕಣ್ಣು ತೆಗೆಯದೆ ನಕ್ಕ.

"ಅಲ್ವೇನೇ? ಅವತ್ತು ನೀನೂ ಇದ್ದೆಯಲ್ಲ?" ಎಂದು ಲೈನ್‌ಮನ್ ಹಿಂದಕ್ಕೆ ಕೇಳಿದ.

ಉತ್ತರ ಬರಲಿಲ್ಲ. ನೀರಿನ ಟ್ಯಾಂಕಿನ ಇಳಿಜಾರು ಶುರುವಾಗಿತ್ತು. ಲೈನ್‌ಮನ್ ಕತ್ತು ತಿರುಗಿಸಿ ನೋಡಿದ. ಬ್ರೆಡ್ ವ್ಯಾನಿನವನ ಹೆಂಡತಿಯ ಹೆಗಲ ಮೇಲೆ ತಲೆಯಿಟ್ಟು, ಬಾಯಿ ತೆರೆದು, ಹಾಯಾಗಿ ಗೊರಕೆ ಹೊಡೆಯುತ್ತ ಬ್ರೇಕಕ್ಕ ನಿದ್ದೆ ಹೋಗಿದ್ದಳು.